ಹನುಮಕ್ಕನ ಕಣ್ಣಂದಾಜು

ಯಶೋದ ಸಿಕ್ಕಿಬಿದ್ದದ್ದು ಕುರಿ ರೊಪ್ಪದಲ್ಲಿ, ಹಾಡಹಗಲಿನಲ್ಲಿ. ಕಂಬಕ್ಕೆ ನೇತುಹಾಕಿದ್ದ ಉಪ್ಪಿನ ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ನೆಕ್ಕುತ್ತಿದ್ದಳು. ನಾಚಿಕೆಗೇಡಿನ ಕೆಲಸ ಅಂತ ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕುರಿಗಳು ಮೇಯಲು ಹೋದ ಹೊತ್ತು ನೋಡಿಕೊಂಡು ಬಂದಿದ್ದಳು. ಅತ್ತೆ ಹನುಮಕ್ಕ ಕುರಿ ಹಿಂದೆ ಬುಕ್ಕಾಪಟ್ಟಣದ ಕಾವಲಿನ ಕಡೆ ಹೋದರೆ ಹೊತ್ತು ಇಳಿಯುವ ತನಕ ಬರುವವಳಲ್ಲ. ಆದರೆ ಹಣೆಬರಹ ನೋಡಿ, ಆವತ್ತೇ ಒಂದು ಮರಿಯ ಕಾಲಿಗೆ ಜಾಲಿಮುಳ್ಳು ಹೊಕ್ಕಬೇಕೇ? ಮಂದೆಯನ್ನು ಪಕ್ಕದ ಮನೆಯ ಅಂಜನಪ್ಪನಿಗೆ ಒಪ್ಪಿಸಿ, ಮರಿಯನ್ನು ಹೆಗಲಿಗೆ ಹಾಕಿಕೊಂಡು ಹನುಮಕ್ಕ ಮಧ್ಯಾಹ್ನಕ್ಕೇ ಬಂದುಬಿಟ್ಟಳು.

ಆ ಇಟ್ಟಿಗೆಯ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡಬೇಕು. ಅದು ಮನೆ ಕಟ್ಟುವ ಇಟ್ಟಿಗೆಯಲ್ಲ, ಪಶು ಆಸ್ಪತ್ರೆಯಲ್ಲಿ ಕೊಡುವ ಗಟ್ಟಿ. ಉಪ್ಪಿನ ಜೊತೆ ಕಬ್ಬಿಣ, ಸತು, ಇನ್ನೂ ಏನೇನೋ ಖನಿಜದ ಪುಡಿ ಸೇರಿಸಿ ಅಚ್ಚು ಹಾಕಿರುತ್ತಾರೆ. ಮೈಯಲ್ಲಿ ಅವೆಲ್ಲ ಕಡಿಮೆಯಾದ ಕುರಿ ಗೋಡೆ ನೆಕ್ಕುತ್ತದೆ, ಮಣ್ಣು ತಿನ್ನುತ್ತದೆ, ಪಕ್ಕದ ಕುರಿಯ ಉಣ್ಣೆ ಕಿತ್ತು ಅಗಿಯುತ್ತದೆ. ಇಟ್ಟಿಗೆ ಕಟ್ಟಿದರೆ ಸುಮ್ಮನಾಗುತ್ತದೆ. ಎಲ್ಲಕ್ಕಿಂತ ಜಾಸ್ತಿ ನೆಕ್ಕುವುದು ಗಬ್ಬದ ಕುರಿ ಅನ್ನುವುದು ಹನುಮಕ್ಕನ ಅನುಭವದ ಮಾತು. ಕುರಿ ಗಬ್ಬವೋ ಅಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳುವುದರಲ್ಲಿ ಅವಳನ್ನು ಮೀರಿಸುವವರು ಆ ಹಟ್ಟಿಯಲ್ಲಿ ಇರಲಿಲ್ಲ. ಸಿರಾ ಸಂತೆಗೆ ಕುರಿ ಕೊಳ್ಳಲು ಹೋಗುವವರು ಅವಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಪಕ್ಕೆಯ ಮೇಲೆ ಒಮ್ಮೆ ಕೈಯಾಡಿಸಿ ಅವಳು "ಹೂಂ, ಐತೆ" ಅಂದರೆ ಮುಗಿಯಿತು. ಆ ಮಾತು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ.

ಬೇಲಿ ಸರಿಸಿದ ಸದ್ದಿಗೆ ಯಶೋದ ಕಣ್ಣು ಬಿಟ್ಟಳು. ಇನ್ನು ಶುರುವಾಯಿತು ನನ್ನ ಪುರಾಣ ಅಂದುಕೊಂಡಳು. ಮನೆಯಲ್ಲಿರುವುದು ಸಾಲದು ಅಂತ ಕುರಿಯ ಬಾಯಿಗೂ ಕೈ ಹಾಕಿದಳು ಅಂತ ಸಂಜೆಯ ಹೊತ್ತಿಗೆ ಹಟ್ಟಿಯ ಪ್ರತಿ ಜಗಲಿಯಲ್ಲೂ ಮಾತಾಗುತ್ತದೆ.

ಹನುಮಕ್ಕ ಮರಿಯನ್ನು ಕೆಳಗಿಳಿಸಿದಳು. ಸೊಂಟದ ಮೇಲೆ ಕೈ ಇಟ್ಟುಕೊಂಡು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಹತ್ತಿರ ಬಂದು, ಒಂದು ಸುತ್ತು ಸುತ್ತಿ, ಪಕ್ಕೆಯ ಮೇಲೆ ಅಂಗೈ ಇಟ್ಟಳು.

"ಇದನ್ನ ಎಷ್ಟು ದಿನದಿಂದ ನೆಕ್ತಿದೀಯೇ?"

"ಸ್ವಲ್ಪ ದಿನದಿಂದ ಅತ್ತೆ."

"ಮುಟ್ಟು ನಿಂತು?"

ಯಶೋದ ತಬ್ಬಿಬ್ಬಾದಳು. ಬೈಗುಳಕ್ಕೆ ತಯಾರಾಗಿದ್ದವಳಿಗೆ ಈ ಪ್ರಶ್ನೆ ಎಲ್ಲಿಂದ ಬಂತು ಅಂತಲೇ ತಿಳಿಯಲಿಲ್ಲ. ತಿಂಗಳು ತಪ್ಪುವುದು ಅವಳಿಗೆ ಹೊಸದೇನೂ ಅಲ್ಲ, ಮೈ ಬಂದ ಮೇಲೆ ಆಗಾಗ ಹಾಗೇ ಆಗುತ್ತಿತ್ತು. "ಮೂರು ತಿಂಗ್ಳಾಗಿರ್ಬೇಕು," ಅಂದಳು.

ಹನುಮಕ್ಕನ ಮುಖ ಅರಳಿದ್ದನ್ನು ಯಶೋದ ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ನೋಡಿರಲಿಲ್ಲ. ಹಲ್ಲಿಲ್ಲದ ಜಾಗವೆಲ್ಲ ಕಾಣುವ ಹಾಗೆ ಮುದುಕಿ ನಕ್ಕಳು. "ಅಂಗನ್ನು ಮತ್ತೆ. ಗಬ್ಬದ ಕುರಿ ಇಂಗೇ ಕಣೇ, ಇಟ್ಟಿಗೆ ಬುಡಾಕಿಲ್ಲ. ಬಯಕೆ ಕಣಮ್ಮ ಇದು. ನಂಗೆ ಮೊದ್ಲೇ ಹೊಳೀಬೇಕಾಗಿತ್ತು, ನನ್ನ ಕಣ್ಣಿಗೆ ಮಂಕು ಬಡ್ದಿತ್ತು." ಸೊಸೆಯ ಬಾಯಿಗೆ ಅಂಟಿದ್ದ ಕಂದು ಪುಡಿಯನ್ನು ತನ್ನ ಸೆರಗಿನಿಂದ ಒರೆಸಿ, ತೋಳು ಹಿಡಿದು, ಹುಷಾರಾಗಿ ಮನೆಯ ಕಡೆ ನಡೆಸಿಕೊಂಡು ಹೋದಳು.

ಯಶೋದ ದಪ್ಪ. ಸುತ್ತಿ ಬಳಸಿ ಹೇಳುವುದೇಕೆ, ನಾಲ್ಕು ಹೆಜ್ಜೆ ನಡೆದರೆ ಮಂಡಿ ಹಿಡಿಯುವಷ್ಟು ದಪ್ಪ. ಮಗಳು ಹರ್ಷಿತಾ ಹುಟ್ಟಿದ ಮೇಲೆ ಬರಲು ಶುರುವಾದ ಮೈ ನಿಲ್ಲಲೇ ಇಲ್ಲ. ಹಸಿವೂ ನಿಲ್ಲಲಿಲ್ಲ. ಉಂಡು ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುವಷ್ಟರಲ್ಲಿ ಹೊಟ್ಟೆ ಮತ್ತೆ ಚುರುಗುಟ್ಟುತ್ತಿತ್ತು. ಕಸ ಗುಡಿಸುತ್ತಿದ್ದರೂ, ಮರಿಗಳಿಗೆ ಹಾಲು ಕುಡಿಸುತ್ತಿದ್ದರೂ, ದೇವರ ಮುಂದೆ ಕೈ ಮುಗಿದು ನಿಂತಿದ್ದರೂ ಅವಳ ತಲೆಯೊಳಗೆ ಒಂದೇ ಯೋಚನೆ: ಇನ್ನು ಏನು ಉಳಿದಿದೆ, ಎಲ್ಲಿದೆ, ಯಾರೂ ನೋಡದ ಹಾಗೆ ಹೇಗೆ ತೆಗೆದುಕೊಳ್ಳುವುದು. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಜೊತೆಗೆ ಸದಾ ಸುಸ್ತು. ತಿನ್ನುವವಳಿಗೆ ಸುಸ್ತು ಎಂಥದ್ದು ಅಂತ ಹಟ್ಟಿಯ ಹೆಂಗಸರು ಮೂಗು ಮುರಿಯುತ್ತಿದ್ದರು.

ಹನುಮಕ್ಕನೋ, ಒಣಗಿದ ತೊಗರಿ ಕಡ್ಡಿಯಂಥವಳು. ಅವಳಿಗೆ ಈ ಹಸಿವೇ ಅರ್ಥವಾಗುತ್ತಿರಲಿಲ್ಲ. ಸೊಸೆಗೆ ಬಡಿಸುವಾಗ ಮುದ್ದೆ ಮುರಿದು ಹಾಕುವಳು. ಎರಡನೇ ಸಲ ತಟ್ಟೆ ನೀಡಿದರೆ, "ಸಾಕು ಏಳೇ, ನಾಲಿಗೆಗೆ ಬುದ್ಧಿ ಹೇಳು" ಅನ್ನುವಳು. ಕಡ್ಲೆಪುರಿ ಡಬ್ಬವನ್ನು ಅಟ್ಟದ ಮೇಲೆ ಇಡುವಳು, ಯಶೋದಳ ಮಂಡಿ ಏಣಿ ಹತ್ತುವುದಿಲ್ಲ ಅಂತ ಗೊತ್ತಿದ್ದೇ ಇಡುವಳು. ಬಂದ ನೆಂಟರ ಮುಂದೆ, "ನಮ್ಮ ಸೊಸೆ ಏನೂ ಉಣ್ಣಲ್ಲ, ಬರೀ ಗಾಳಿಗೇ ಊದವ್ಳೆ" ಅಂತ ನಗುವಳು. ನೆಂಟರೂ ನಗುವರು. ಯಶೋದಳೂ ನಗುವಳು, ಇನ್ನೇನು ಮಾಡಬೇಕು.

ಆ ಮಧ್ಯಾಹ್ನದಿಂದ ಎಲ್ಲ ಬದಲಾಯಿತು. ಪುರಿ ಡಬ್ಬ ಅಟ್ಟದಿಂದ ಇಳಿದು ಯಶೋದಳ ಕೈಗೆ ಸಿಗುವ ಗೂಡಿಗೆ ಬಂತು. ಬಿಸಿ ಮುದ್ದೆಯ ನಡುವೆ ಗುಳಿ ಮಾಡಿ ಹನುಮಕ್ಕ ತುಪ್ಪ ಬಿಟ್ಟಳು. "ಇನ್ನೊಂದು ಇಕ್ಲಾ?" ಅಂದಳು. ಬೇಡ ಅನ್ನುವ ಮೊದಲೇ ಇಕ್ಕಿದಳು. ಎದುರಿಗೆ ಕೂತು, ಗಲ್ಲಕ್ಕೆ ಕೈಕೊಟ್ಟು, ಸೊಸೆ ಉಣ್ಣುವುದನ್ನು ನೋಡಿದಳು. ನೋಡುವ ನೋಟವೇ ಬೇರೆ. ಇಷ್ಟು ವರ್ಷ ಆ ಕಣ್ಣು ತುತ್ತು ಎಣಿಸುತ್ತಿತ್ತು, ಈಗ ಸಾಲದೇ ಹೋದೀತು ಅಂತ ಹೆದರುತ್ತಿತ್ತು. ಹಸಿವಾದರೆ ಉಣ್ಣಬಹುದು, ಯಾರೂ ಏನೂ ಅನ್ನುವುದಿಲ್ಲ ಅನ್ನುವುದು ಇಷ್ಟು ದೊಡ್ಡ ಸುಖ ಅಂತ ಯಶೋದಳಿಗೆ ಗೊತ್ತೇ ಇರಲಿಲ್ಲ.

ಸುದ್ದಿಗೆ ಕಾಲು ಬಂತು. ಕೊರಟಗೆರೆ ಹತ್ತಿರದ ತವರಿಗೆ ಫೋನ್ ಹೋಯಿತು. ಪಾವಗಡದ ಕಡೆ ಕ್ಯಾತಗಾನಚೆರ್ಲಿನ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸದಲ್ಲಿದ್ದ ಗಂಡ ನಟರಾಜುವಿಗೂ ಹೋಯಿತು. ವಾರಕ್ಕೊಮ್ಮೆ ಊರಿಗೆ ಬರುವ ನಟರಾಜು ಫೋನಿನಲ್ಲಿ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಪಕ್ಕದಲ್ಲಿದ್ದ ಯಾರೋ "ಏಂ ನಟರಾಜಾ, ಸ್ವೀಟ್ ಏದಿ?" ಅಂತ ತೆಲುಗಿನಲ್ಲಿ ಸಿಹಿ ಕೇಳಿ ಕಿಚಾಯಿಸಿದ್ದು ಯಶೋದಳಿಗೆ ಕೇಳಿಸಿತು.

ಮಗಳಿಗೆ ತಾನೇ ಹೇಳಬೇಕು ಅಂತ ಯಶೋದ ಮಧುಗಿರಿಗೆ ಹೊರಟಳು. ಹರ್ಷಿತಾ ಅಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಳು. ಸುದ್ದಿ ಕೇಳಿದ ಹುಡುಗಿ ಮೊದಲು ಕೆಂಪಾದಳು, ಆಮೇಲೆ ಸಿಡುಕಿದಳು, ಆಮೇಲೆ ತಾಯಿಯ ಮುಖ ದಿಟ್ಟಿಸಿ ನೋಡಿದಳು. "ಡಾಕ್ಟರ್ ಹೇಳಿದ್ರಾ?"

"ನಿಮ್ಮಜ್ಜಿ ಹೇಳಿದ್ರು."

"ಅಜ್ಜಿ ಕುರಿ ಡಾಕ್ಟ್ರು ಕಣಮ್ಮ," ಅಂದವಳೇ ತಾಯಿಯನ್ನು ಆಟೋ ಹತ್ತಿಸಿ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರ್ ಸ್ಕ್ಯಾನ್ ಮಾಡಿದರು, ರಕ್ತ ತೆಗೆಸಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಸಂಜೆಯ ಹೊತ್ತಿಗೆ ಕರೆದು ಕೂರಿಸಿಕೊಂಡು ಹೇಳಿದರು: ಮಗು ಇಲ್ಲ. ತಿಂಗಳು ತಪ್ಪುತ್ತಿರುವುದು ತೂಕದಿಂದ.

"ಏನೇನು ತಿಂತೀರಿ ಯಶೋದಮ್ಮ? ಊಟ ಅಲ್ಲದ್ದು ಏನಾದ್ರೂ? ಮಣ್ಣು, ಬಳಪ, ಹಸಿ ಅಕ್ಕಿ?"

ಯಶೋದ ಮಗಳ ಕಡೆ ನೋಡಲಾರದೆ ನೆಲ ನೋಡುತ್ತ ಇಟ್ಟಿಗೆಯ ವಿಷಯ ಹೇಳಿದಳು. ಡಾಕ್ಟರ್ ನಗಲಿಲ್ಲ. ನಗದೇ ಇದ್ದದ್ದಕ್ಕೆ ಯಶೋದಳಿಗೆ ಅವರ ಮೇಲೆ ಅಕ್ಕರೆ ಉಕ್ಕಿ ಬಂತು.

"ನಿಮ್ಮ ರಕ್ತದಲ್ಲಿ ಕಬ್ಬಿಣ ತುಂಬಾ ಕಡಿಮೆ ಇದೆ, ಸತುವೂ ಕಡಿಮೆ. ಅದಕ್ಕೇ ಆ ಆಸೆ, ಅದಕ್ಕೇ ಈ ಸುಸ್ತು. ಆದ್ರೆ ಅದು ಕುರಿಗೆ ಅಳತೆ ಹಾಕಿ ಮಾಡಿದ್ದು, ಇನ್ನು ಅದರ ಹತ್ತಿರ ಹೋಗ್ಬೇಡಿ."

"ಇಷ್ಟು ತಿಂತೀನಲ್ಲ ಮೇಡಂ, ನಂಗೆ ಹೆಂಗೆ ಕಡ್ಮೆ ಆಗುತ್ತೆ?"

"ದಪ್ಪ ಇರೋರಿಗೇ ಇದು ಜಾಸ್ತಿ ಕಾಣುತ್ತೆ. ಮೈಯಲ್ಲಿ ಕೊಬ್ಬು ಜಾಸ್ತಿ ಆದಾಗ ತಿಂದ ಆಹಾರದಲ್ಲಿರೋ ಕಬ್ಬಿಣ ಸರಿಯಾಗಿ ಒಳಗೆ ಸೇರಲ್ಲ. ಅದರ ಮೇಲೆ ಉಂಡ ಕೂಡಲೇ ಟೀ ಕುಡಿತೀನಿ ಅಂದ್ರಿ, ಟೀ ಅದನ್ನ ಇನ್ನೂ ತಡೆಯುತ್ತೆ." ಡಾಕ್ಟರ್ ಚೀಟಿ ಬರೆಯುತ್ತಲೇ ಮುಂದುವರಿಸಿದರು. "ಹಸಿವಿನ ಕಥೆ ಬೇರೆ. ಹೊಟ್ಟೆ ಖಾಲಿಯಾದಾಗ ಗ್ರೆಲಿನ್ ಅನ್ನೋ ಹಾರ್ಮೋನು ತಲೆಗೆ ಹೋಗಿ ತಿನ್ನು ಅನ್ನುತ್ತೆ. ಮೈಯಲ್ಲಿ ಇರೋ ಕೊಬ್ಬಿನಿಂದ ಲೆಪ್ಟಿನ್ ಅಂತ ಇನ್ನೊಂದು ಹೊರಟು ಸಾಕು ಅನ್ನುತ್ತೆ. ನಿಮ್ಮಂಥವರಲ್ಲಿ ಲೆಪ್ಟಿನ್‌ಗೆ ಬರ ಇರಲ್ಲ, ಬೇಕಾದಷ್ಟು ಇರುತ್ತೆ. ತಲೆಗೆ ಅದು ಕೇಳಿಸಲ್ಲ, ಅಷ್ಟೆ."

ಯಶೋದಳಿಗೆ ಹೆಸರುಗಳು ತಲೆಗೆ ಹತ್ತಲಿಲ್ಲ, ವಿಷಯ ಹತ್ತಿತು. ದಿನವೆಲ್ಲ ಕೂಗಿ ಕೂಗಿ ಗಂಟಲು ಹರಿದುಕೊಂಡ ಕುರುಬನ ಮಾತಿಗೆ ಕುರಿ ಕತ್ತೆತ್ತಿಯೂ ನೋಡುವುದಿಲ್ಲ. ಅದೇ ತಾನೇ. "ಅಂಗಾರೆ ಇದು ನನ್ನ ನಾಲಿಗೆ ಚಪಲ ಅಲ್ವಾ ಮೇಡಂ?"

"ಅಲ್ಲ," ಅಂದರು ಡಾಕ್ಟರ್. "ಕಬ್ಬಿಣ, ಸತು ಸರಿಹೋದ್ರೆ ಹಸಿವೂ ಸರಿಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಇವೆರಡಕ್ಕೂ ಏನೋ ಸಂಬಂಧ ಇದೆ ಅಂತಾರೆ, ಇನ್ನೂ ಹುಡುಕ್ತಾ ಇದ್ದಾರೆ. ಮೊದಲು ಈ ಮಾತ್ರೆ ತಗೊಳ್ಳಿ, ಟೀ ಊಟದಿಂದ ದೂರ ಇಡಿ, ಮೊಳಕೆ ಕಾಳು ತಿನ್ನಿ, ನಿಂಬೆಹಣ್ಣು ಹಿಂಡ್ಕೊಳ್ಳಿ. ಆಮೇಲೆ ತೂಕದ ವಿಷಯ ಮಾತಾಡೋಣ. ಮನೆಯವರಿಗೂ ಹೇಳಿ, ಇದು ಕಾಯಿಲೆ ಅಂತ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯಶೋದ ಅತ್ತಳು. ಮಗುವಿಗಾಗಿ ಅತ್ತಳೇ ಅಂದರೆ, ಇಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ಮಗುವಿನ ಆಸೆ ಅವಳಿಗಿರಲಿಲ್ಲ. ಅವಳು ಅತ್ತದ್ದು ತಟ್ಟೆಗೆ. ತುಪ್ಪ ಬಿಟ್ಟ ಆ ಮುದ್ದೆಗೆ, ಗಲ್ಲಕ್ಕೆ ಕೈಕೊಟ್ಟು ಎದುರಿಗೆ ಕೂರುವ ಆ ಮುದುಕಿಗೆ. ಹೇಳಿಕೊಳ್ಳಲು ನಾಚಿಕೆಯಾಗುವ ಅಳು, ಆದರೆ ನಿಜವಾದ ಅಳು. ಮನೆ ಮುಟ್ಟಿದ ಕೂಡಲೇ ಹೇಳಿಬಿಡಬೇಕು ಅಂತ ಸಿರಾ ಬರುವಷ್ಟರಲ್ಲಿ ಗಟ್ಟಿ ಮನಸ್ಸು ಮಾಡಿದಳು.

ಹಟ್ಟಿಯ ಬಸ್‌ಸ್ಟಾಪಿನಲ್ಲಿ ಹನುಮಕ್ಕ ಕಾದು ನಿಂತಿದ್ದಳು. ಕೈಯಲ್ಲಿ ಮುಚ್ಚಳ ಹಾಕಿದ ಚೊಂಬು. "ಬಸ್ಸಿನಾಗೆ ಕುಲುಕಿರ್ತದೆ, ಮೊದ್ಲು ಮಜ್ಜಿಗೆ ಕುಡಿ. ಹಸ್ಕೊಂಡಿದೀಯ, ಮುಖ ಬಾಡೈತೆ," ಅಂದಳು. ಅತ್ತೆಯಾದವಳು ಅವಳ ಹಸಿವನ್ನು ತಾನಾಗಿ ನೆನೆದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಯಶೋದ ಮಜ್ಜಿಗೆ ಕುಡಿದಳು. ಮಾತು ಮಜ್ಜಿಗೆಯ ಜೊತೆ ಒಳಗೆ ಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ ಅವಳ ಪಾಡು. ಬೆಳಿಗ್ಗೆ ಎದ್ದರೆ ಇವತ್ತು ಹೇಳುತ್ತೇನೆ ಅಂದುಕೊಳ್ಳುವಳು. ತಟ್ಟೆ ಮುಂದೆ ಬಂದ ಕೂಡಲೇ ಉಂಡು ಹೇಳುತ್ತೇನೆ ಅಂದುಕೊಳ್ಳುವಳು. ಉಂಡ ಮೇಲೆ, ಇಷ್ಟು ಉಂಡು ಹೇಗೆ ಹೇಳಲಿ ಅನ್ನಿಸುವುದು. ಮಾತ್ರೆಯನ್ನು ಬಸುರಿಯ ಮಾತ್ರೆ ಅಂತ ಹನುಮಕ್ಕನೇ ನೀರು ತಂದು ನುಂಗಿಸುವಳು. ಯಶೋದ ಒಳಗೂ ಹೊರಗೂ ಸುಮ್ಮನೆ ಓಡಾಡುವಳು, ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುವಳು. ಒಂದು ದಿನ ಕಾಲು ತಾನಾಗಿ ರೊಪ್ಪದ ಕಡೆ ನಡೆದು, ಇಟ್ಟಿಗೆಗೆ ಕೈ ಚಾಚಿ, ಡಾಕ್ಟರ ಮಾತು ನೆನಪಾಗಿ ಹಿಂದೆ ಬಂದಳು. ತಾನು ಉಣ್ಣುವ ಪ್ರತಿ ತುತ್ತೂ ಇಲ್ಲದ ಮಗುವಿನ ಬಾಯಿಂದ ಕಿತ್ತುಕೊಂಡದ್ದು ಅನ್ನಿಸುತ್ತಿತ್ತು. ಅಷ್ಟಾದರೂ ಹಸಿವು ಮಾತ್ರ ಹಾಗೇ ಇತ್ತು, ದರಿದ್ರದ್ದು.

ನಟರಾಜು ಬಂದಾಗ ಅವನಿಗೆ ಹೇಳಿದಳು. ಹಿತ್ತಲಿನ ಹುಣಸೆ ಮರದ ಕೆಳಗೆ ಕೂತು, ಡಾಕ್ಟರ್ ಹೇಳಿದ್ದನ್ನೆಲ್ಲ ತನಗೆ ತಿಳಿದ ಹಾಗೆ ಒಪ್ಪಿಸಿದಳು. ನಟರಾಜು ಒಳ್ಳೆಯವನು, ಆದರೆ ತಾಯಿಯ ಮುಂದೆ ನಿಂತು ಮಾತಾಡುವ ಗಂಡಸಲ್ಲ. ತಲೆ ತುರಿಸಿಕೊಂಡ, ಹುಣಸೆ ಎಲೆ ಕಿತ್ತು ಬಾಯಿಗೆ ಹಾಕಿಕೊಂಡ.

"ಅವ್ವ ನಗೋದ್ನ ನೋಡಿ ಎಷ್ಟು ದಿನಾಗಿತ್ತು," ಅಂದ. "ಊರೆಲ್ಲ ಹೇಳ್ಕೊಂಡ್ಬುಟ್ಟವ್ಳೆ. ಬಯಕೆ ಊಟಕ್ಕೆ ದಿನ ಬೇರೆ ಗೊತ್ತು ಮಾಡವ್ಳೆ. ಈಗ ಇಲ್ಲ ಅಂದ್ರೆ ಹೆಂಗೆ?"

"ಹೆಂಗೆ ಅಂದ್ರೆ? ಇಲ್ಲದ್ದನ್ನ ಐತೆ ಅನ್ನಾಕಾಗುತ್ತಾ?"

"ಅದಲ್ಲ. ಊಟ ಆಗೋಗ್ಲಿ. ಆಮೇಲೆ ಬಸ್ರು ನಿಲ್ಲಲಿಲ್ಲ ಅಂತ ಹೇಳಿಬುಡಾಣ. ಎಷ್ಟು ಜನಕ್ಕೆ ಅಂಗಾಗಲ್ಲ? ಯಾರೂ ಏನೂ ಅನ್ನಲ್ಲ. ಅವ್ವನ ಮಾತೂ ಉಳೀತದೆ."

ಯಶೋದ ಗಂಡನ ಮುಖ ನೋಡಿದಳು. ಅವನು ಕೆಟ್ಟದ್ದು ಅಂದುಕೊಂಡು ಹೇಳಿದ್ದಲ್ಲ, ಎಲ್ಲರಿಗೂ ಸುಲಭವಾಗಲಿ ಅಂತ ಹೇಳಿದ್ದು. ಆದರೂ ಅವಳ ಮನಸ್ಸು ಒಪ್ಪಲಿಲ್ಲ. ಇಲ್ಲದ ಮಗುವಿನ ಹೆಸರಲ್ಲಿ ಉಂಡದ್ದು ಸಾಲದು ಅಂತ ಅದನ್ನು ಸಾಯಿಸಿ, ಅತ್ತೆಯನ್ನು ಅಳಿಸಿ, ಆ ಅಳುವಿನ ಮುಂದೆ ಕೂತು ಬಾಣಂತಿಯಂತೆ ಪಥ್ಯದ ಊಟ ಉಣ್ಣುವುದೇ? ಅದಾದ ಮೇಲೆ ತುಪ್ಪ ನಿಲ್ಲುತ್ತದೆ, ಡಬ್ಬ ಅಟ್ಟಕ್ಕೆ ಹೋಗುತ್ತದೆ, ಹಸಿವು ಇಲ್ಲೇ ಇರುತ್ತದೆ. "ನನ್ನ ಕೈಲಾಗಲ್ಲ," ಅಂದಳು. ನಟರಾಜು ಇನ್ನೊಂದು ಎಲೆ ಕಿತ್ತುಕೊಂಡ.

ಬಯಕೆ ಊಟದ ದಿನ ಮನೆ ತುಂಬ ಹೆಂಗಸರು. ಕಜ್ಜಾಯ, ಒಬ್ಬಟ್ಟು, ಕರಿಗಡುಬು, ನಾಲ್ಕು ಬಗೆಯ ಅನ್ನ, ಉಪ್ಪಿನಕಾಯಿಯೇ ಮೂರು ತರ. ಕೊರಟಗೆರೆಯಿಂದ ಯಶೋದಳ ಅತ್ತಿಗೆ ಮಡಿಲಕ್ಕಿ ತಂದಿದ್ದಳು. ಹಾಸ್ಟೆಲಿನಿಂದ ಹರ್ಷಿತಾ ಬಂದಿರಲಿಲ್ಲ, ತಾಯಿಯ ಸುಳ್ಳಿಗೆ ಸಾಕ್ಷಿಯಾಗಿ ಕೂರಲಾರೆ ಅಂತ ಫೋನಿನಲ್ಲಿ ಹೇಳಿ ಇಟ್ಟುಬಿಟ್ಟಿದ್ದಳು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಯಶೋದಳನ್ನು ಹಸೆಮಣೆಯ ಮೇಲೆ ಕೂರಿಸಿದರು. ಎದುರಿಗೆ ಅಗಲವಾದ ಬಾಳೆ ಎಲೆ. ಎಲೆಯ ತುಂಬ ಅವಳು ಜೀವಮಾನದಲ್ಲಿ ಕದ್ದು ತಿಂದದ್ದೆಲ್ಲ ರಾಜಾರೋಷವಾಗಿ ಬಂದು ಕೂತಿತ್ತು. ಅವಳ ಬಾಯಲ್ಲಿ ನೀರೂರಿತು.

ಹನುಮಕ್ಕ ಮೊರದಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು ತಂದಳು. "ಸೆರಗು ಒಡ್ಡಮ್ಮ," ಅಂದಳು. ಹೊಸ ಸೀರೆಯ ಸೆರಗು ಒಡ್ಡಿದರೆ ಮಡಿಲು ತುಂಬುತ್ತಾರೆ, ತುಂಬಿದ ಮೇಲೆ ಅದು ದೇವರ ಮುಂದೆ ಆಡಿದ ಮಾತು.

ಯಶೋದ ಸೆರಗನ್ನು ಗಟ್ಟಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಬ್ಯಾಡ ಅತ್ತೆ. ನನ್ನ ಹೊಟ್ಟೇಲಿ ಏನೂ ಇಲ್ಲ."

ಯಾರೋ ನಕ್ಕರು, ತಮಾಷೆ ಅಂದುಕೊಂಡು. ಹನುಮಕ್ಕ ನಗಲಿಲ್ಲ.

"ಮಧುಗಿರೀಲಿ ಡಾಕ್ಟ್ರು ನೋಡಿದ್ರು. ಮಗು ಇಲ್ಲ ಅಂದ್ರು. ರಕ್ತದಾಗೆ ಕಬ್ಬಿಣ ಇಲ್ಲ, ಸತು ಇಲ್ಲ, ಅದಕ್ಕೇ ಇಟ್ಟಿಗೆ ನೆಕ್ತಿದ್ದೆ. ಆವತ್ತೇ ಹೇಳ್ಬೇಕಾಗಿತ್ತು. ಹೇಳ್ಳಿಲ್ಲ."

ಮೊರ ಹನುಮಕ್ಕನ ಕೈಯಲ್ಲೇ ಇತ್ತು. ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಊರೆಲ್ಲ ನಂಬುವ ಕಣ್ಣು ಮೊದಲ ಸಲ ತಪ್ಪಿತ್ತು, ಅದೂ ತನ್ನ ಮನೆಯಲ್ಲಿ, ಹೆಂಗಸರೆಲ್ಲ ಸೇರಿರುವಾಗ. "ನನ್ನ ಮಾನ ಕಳ್ದೆಯಲ್ಲೇ," ಅಂದಳು. ದನಿ ಸಣ್ಣಗಿತ್ತು. "ಇಷ್ಟು ದಿನ ಕೂರಿಸ್ಕೊಂಡು ಇಕ್ಕಿದ್ನಲ್ಲೇ. ಯಾರಿಗೆ ಇಕ್ಕಿದೆ ನಾನು?"

"ನಂಗೆ ಅತ್ತೆ," ಅಂದಳು ಯಶೋದ. "ಉಂಡಿದ್ದು ನಾನೇ. ನಾನೇ ಹಸ್ಕೊಂಡಿದ್ದು."

ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಅಳು ಬರುತ್ತಿತ್ತು, ಮಾತೂ ಬರುತ್ತಿತ್ತು. "ಕುರಿ ಗೋಡೆ ನೆಕ್ಕಿದ್ರೆ ಪಾಪ ಏನೋ ಕಡ್ಮೆ ಆಗೈತೆ ಅಂತೀಯ. ಡಾಕ್ಟ್ರನ್ನ ಕರಸ್ತೀಯ. ನಾನು ಹರ್ಷಿತಾ ಹುಟ್ಟಿದಾಗ್ಲಿಂದ ನಿನ್ನ ಕಣ್ಮುಂದೇನೇ ಹಸಿವು ಹಸಿವು ಅಂತ ಸಾಯ್ತಾ ಇದೀನಿ. ಏನು ಕಡ್ಮೆ ಆಗೈತೆ ಅಂತ ಒಂದಿನ ಕೇಳ್ದ್ಯಾ? ಹೊಟ್ಟೇಲಿ ಇನ್ನೊಂದು ಜೀವ ಐತೆ ಅಂದಾಗ ತುಪ್ಪ ಇಕ್ಕಿದೆ. ಈ ಜೀವ ಜೀವ ಅಲ್ವಾ?"

ಬಾಗಿಲಲ್ಲಿ ನಿಂತಿದ್ದ ನಟರಾಜು ಹೊರಗೆ ಹೋದ. ಹನುಮಕ್ಕ ಮೊರವನ್ನು ದೇವರ ಮುಂದೆ ಇಟ್ಟು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಂದವರು ಉಣ್ಣಲೋ ಬೇಡವೋ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಉಂಡೇ ಹೋದರು. ಒಬ್ಬಟ್ಟು ಚೆನ್ನಾಗಿದ್ದವು. ಯಶೋದ ಮಾತ್ರ ತನ್ನ ಎಲೆಯ ಮುಂದಿನಿಂದ ಹಾಗೇ ಎದ್ದಳು. ಹೊಟ್ಟೆ ಕೂಗುತ್ತಲೇ ಇತ್ತು, ಕೂಗಿಕೋ ಅಂದಳು.

ಮಾರನೆಯ ದಿನ ನಟರಾಜು ಪಾವಗಡದ ಬಸ್ಸು ಹತ್ತಿದ. ಹನುಮಕ್ಕ ಕುರಿಗಳನ್ನು ಅಂಜನಪ್ಪನ ಜೊತೆ ಕಳಿಸಿದಳು, ತಾನು ಹೋಗಲಿಲ್ಲ. ಹಟ್ಟಿಯಲ್ಲಿ ಮುಖ ತೋರಿಸಲು ಅವಳಿಗೆ ಕಷ್ಟವಾಗಿತ್ತು. ಯಶೋದ ಒಳಗೆ ಕಾಲಿಟ್ಟರೆ ಅವಳು ಹೊರಗೆ ಹೋಗುವಳು, ಯಶೋದ ಹೊರಗೆ ಬಂದರೆ ಅವಳು ಒಳಗೆ. ಯಶೋದಳಿಗೆ ತವರಿಗೆ ಹೋಗಿಬಿಡಲೇ ಅನ್ನಿಸಿತು. ಸೀರೆ ಗಂಟು ಕಟ್ಟಿದಳು, ಬಿಚ್ಚಿದಳು. ಹೋದರೆ ಅಲ್ಲೂ ಒಂದು ಅಡುಗೆಮನೆ ಇರುತ್ತದೆ, ಅಲ್ಲೂ ಕಣ್ಣುಗಳಿರುತ್ತವೆ.

ಮಧ್ಯಾಹ್ನ ಒಲೆಯ ಹತ್ತಿರ ಸದ್ದಾಯಿತು. ಹನುಮಕ್ಕ ಮುದ್ದೆ ತೊಳಸುತ್ತಿದ್ದಳು. ಯಶೋದ ಬಾಗಿಲಲ್ಲಿ ನಿಂತಳು. ಮುದುಕಿ ತಿರುಗಿ ನೋಡದೆ, "ಬಾ," ಅಂದಳು. ಹೆಸರುಕಾಳು ಮೊಳಕೆ ಕಟ್ಟಿ ಸಾರು ಮಾಡಿದ್ದಳು. ಮೊಳಕೆ ಬರಬೇಕಾದರೆ ಹಿಂದಿನ ದಿನವೇ ನೆನೆಸಿರಬೇಕು. ಬಾಗಿಲು ಹಾಕಿಕೊಂಡವಳು ಯಾವಾಗ ಎದ್ದು ನೆನೆಸಿದಳೋ. ಸಾರಿನ ಪಕ್ಕ ನಿಂಬೆಹಣ್ಣು ಹೆಚ್ಚಿಟ್ಟಿತ್ತು. ಇದೆಲ್ಲ ಹೇಗೆ ಗೊತ್ತಾಯಿತು ಅಂತ ಯಶೋದ ಕೇಳಲಿಲ್ಲ, ಹರ್ಷಿತಾಳ ಫೋನು ಬಂದಿರಬೇಕು ಅಂದುಕೊಂಡಳು.

ಎರಡು ತಟ್ಟೆ ಇದ್ದವು. ಯಶೋದ ಅದನ್ನು ಎರಡು ಸಲ ನೋಡಿದಳು. ಹನುಮಕ್ಕ ಯಾವತ್ತೂ ಸೊಸೆಯ ಜೊತೆ ಕೂತು ಉಂಡವಳಲ್ಲ, ಎಲ್ಲರದೂ ಆದ ಮೇಲೆ ಒಲೆಯ ಮೂಲೆಯಲ್ಲಿ ಕೂತು ಏನೋ ಒಂದಿಷ್ಟು ಉಣ್ಣುವವಳು. ಇವತ್ತು ಎದುರಿಗೆ ಕೂತಳು. ಮುದ್ದೆಯ ಪಾತ್ರೆಯನ್ನು ನಡುವೆ ಇಟ್ಟಳು. ಇಬ್ಬರೂ ಉಂಡರು. ಯಶೋದ ಒಂದು ಮುದ್ದೆ ಮುಗಿಸಿದಳು, ಇನ್ನೊಂದು ತಾನೇ ಎತ್ತಿ ಹಾಕಿಕೊಂಡಳು. ಮುದುಕಿ ನೋಡಿದಳು, ಏನೂ ಅನ್ನಲಿಲ್ಲ. ಅದೂ ಮುಗಿಯಿತು.

"ಸಾಕಾ?" ಅಂದಳು ಹನುಮಕ್ಕ.

ಯಶೋದಳ ಕೈ ನಿಂತಿತು. ಈ ಮನೆಯಲ್ಲಿ ಆ ಮಾತು ಅವಳು ಕೇಳದ ದಿನವಿಲ್ಲ. ಆದರೆ ಕೇಳಿದ್ದೆಲ್ಲ ಅಪ್ಪಣೆ. ಹೀಗೆ, ಉತ್ತರಕ್ಕೆ ಕಾದು, ಯಾರೂ ಕೇಳಿರಲಿಲ್ಲ. ಉತ್ತರ ಕೊಡೋಣ ಅಂತ ಅವಳು ತನ್ನೊಳಗೆ ಹುಡುಕಿದಳು, ನಿಜವಾಗಿ ಹುಡುಕಿದಳು. ಏನೂ ಸಿಗಲಿಲ್ಲ. ಕಣ್ಣು ತುಂಬಿ ಬಂತು.

"ಗೊತ್ತಿಲ್ಲ ಕಣತ್ತೆ," ಅಂದಳು. "ಸಾಕು ಅನ್ನೋದು ಹೆಂಗಿರುತ್ತೆ? ನಿಂಗೆ ಹೆಂಗೆ ಗೊತ್ತಾಗುತ್ತೆ?"

ಹನುಮಕ್ಕ ತುತ್ತನ್ನು ಕೈಯಲ್ಲೇ ಹಿಡಿದು ಕೂತಳು. ಕುರಿಯ ಪಕ್ಕೆ ಮುಟ್ಟಿ ಥಟ್ಟನೆ ಹೇಳುವವಳಿಗೆ ಇದು ತಿಳಿಯಲಿಲ್ಲ.

"ನಂಗಾ?" ಅಂದಳು ಕೊನೆಗೆ. "ನಾನು ಯಾವತ್ತೂ ಕಡೇಲಿ ಉಂಡೋಳು ಕಣೇ. ಪಾತ್ರೆ ತಳ ಕಂಡ್ರೆ ಸಾಕು ಅಂತ ಎದ್ದುಬುಡ್ತಿದ್ದೆ. ಹೊಟ್ಟೇನ ಯಾವತ್ತೂ ಕೇಳ್ಳಿಲ್ಲ."

ಪಾತ್ರೆಯಲ್ಲಿ ಇನ್ನೂ ಒಂದು ಮುದ್ದೆ ಉಳಿದಿತ್ತು. ಅದನ್ನು ಯಾರು ಉಣ್ಣಬೇಕು ಅಂತ ಇಬ್ಬರಿಗೂ ತಿಳಿಯದೆ ಅದನ್ನೇ ನೋಡುತ್ತ ಕೂತಿದ್ದರು.